ಅರವತ್ತೊಂದು ಸಾವಿರದ ಮುನ್ನೂರ ಹದಿನೆಂಟು

ಆರು ಮಂದಿ ಆರ್ಚಿ ತಾತನ ಶವಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಚರ್ಚಿನ ಮೆಟ್ಟಿಲು ಇಳಿಯುತ್ತಿದ್ದರು. ಪಾದ್ರಿಗಳ ಮೆಲುದನಿ ಬಿಟ್ಟರೆ ಬೇರೆ ಸದ್ದಿಲ್ಲ.

ಅದೇ ಹೊತ್ತಿಗೆ ಫ್ಲೋರಾಳ ಕಾರು ಕಿರುಚಿಕೊಂಡಿತು!

ಒಂದು ಸಲ ಅಲ್ಲ, ಎರಡು ಸಲ ಅಲ್ಲ... ನಿಲ್ಲದ ಹಾರ್ನ್! ಒಣಗಿದ ಗಾಜಿನ ಮೇಲೆ ವೈಪರ್‌ಗಳು ಕರಕರ ಎಂದು ಓಡತೊಡಗಿದವು. ನಾಲ್ಕೂ ದೀಪಗಳು ಹತ್ತಿ ಆರಿ, ಹತ್ತಿ ಆರಿ ಮಾಡಿದವು. ಕಾರಿನಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ.

ಊರಿಗೆ ಊರೇ ತಿರುಗಿ ನೋಡಿತು.

ಫ್ಲೋರಾ ಹಿಮದಲ್ಲಿ ಜಾರುತ್ತ ಓಡಿದಳು. ಕೀ ಒತ್ತಿದಳು... ಇಲ್ಲ. ಬಾಗಿಲು ಎಳೆದಳು... ಬರಲಿಲ್ಲ! ಒಳಗಿನಿಂದ ತಾನೇ ಬೀಗ ಹಾಕಿಕೊಂಡುಬಿಟ್ಟಿದೆ.

‘ಅಯ್ಯೋ ದೇವರೇ... ಇವತ್ತೇ ಆಗಬೇಕಿತ್ತಾ?’

ಶವಪೆಟ್ಟಿಗೆ ಹೊತ್ತವರಲ್ಲೊಬ್ಬ ತನ್ನ ಹೆಗಲ ಭಾರವನ್ನು ಪಕ್ಕದವನಿಗೆ ಒಪ್ಪಿಸಿ ನೇರವಾಗಿ ಬಂದ. ಎತ್ತರದ ಆಳು. ಮೈಮೇಲೆ ಇಸ್ತ್ರಿ ಮಾಡಿದ ಕಪ್ಪು ಸೂಟು. ಆ ಸೂಟಿನಲ್ಲೇ ಹಿಮದ ಮೇಲೆ ಅಂಗಾತ ಮಲಗಿ, ಕಾರಿನ ಮೂತಿಯ ಕೆಳಗೆ ಕೈ ತೂರಿಸಿ ಏನನ್ನೋ ಕಿತ್ತ.

ನಿಶ್ಶಬ್ದ.

ಎದ್ದು ನಿಂತವನ ಬೆನ್ನೆಲ್ಲ ಒದ್ದೆ. ಕೆನ್ನೆ ಮೇಲೆ ಕರಿ ಎಣ್ಣೆಯ ಗೆರೆ.

"ಯಾರ ಮಗಳು ನೀವು?" ಎಂದ. ಕೆನಡಾದ ಕೇಪ್ ಬ್ರೆಟನ್ ದ್ವೀಪದ ಈ ಕಡಲತೀರದಲ್ಲಿ ಹೊಸಬರನ್ನು ಎಲ್ಲರೂ ಮೊದಲು ಕೇಳುವುದು ಅದನ್ನೇ. ಹೆಸರು ಆಮೇಲೆ.

"ಪೆಗ್ಗಿ ಮ್ಯಾಕ್‌ಇನ್ನಿಸ್ ಮಗಳು... ಫ್ಲೋರಾ. ಇದೇ ದ್ವೀಪದ ಸಿಡ್ನಿ ಪಟ್ಟಣದಿಂದ ಬಂದು ನಾಲ್ಕು ತಿಂಗಳಾಯ್ತು."

"ಪೆಗ್ಗಿ ಮಗಳೇ, ನಿಮ್ಮ ಕಾರಿಗೆ ಹುಚ್ಚು ಹಿಡಿದಿದೆ. ನಾಳೆ ಗ್ಯಾರೇಜಿಗೆ ತನ್ನಿ."

ಅವಳು ಅವನಿಗೆ ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಸೀದಾ ಓಡಿಹೋಗಿ ಶವಪೆಟ್ಟಿಗೆಯ ಮುಂದೆ ನಿಂತಳು. ನಾಲ್ಕು ತಿಂಗಳಿಂದ ವಾರಕ್ಕೆ ಮೂರು ದಿನ ಆರ್ಚಿ ತಾತನಿಗೆ ಸ್ನಾನ ಮಾಡಿಸಿ, ತಲೆ ಬಾಚುತ್ತಿದ್ದವಳು ಅವಳೇ.

"ತಪ್ಪಾಯ್ತು ತಾತ... ಬೇಕಂತ ಮಾಡಿದ್ದಲ್ಲ!" ಎಂದು ಎರಡು ಕೈಯಲ್ಲೂ ಪೆಟ್ಟಿಗೆ ಸವರಿದಳು.

ಪಾದ್ರಿಗಳು ಕೆಮ್ಮಿದಂತೆ ನಕ್ಕರು. "ಬಿಡಮ್ಮಾ. ಆರ್ಚಿ ಯಾವತ್ತೂ ಸದ್ದಿಲ್ಲದೆ ಎದ್ದು ಹೋದವನಲ್ಲ."

ಜನರೆಲ್ಲ ಕಣ್ಣೊರೆಸಿಕೊಂಡೇ ನಕ್ಕರು. ಕಪ್ಪು ಸೂಟಿನವನು ಮಾತ್ರ ನಗಲಿಲ್ಲ. ಅವಳನ್ನೇ ನೋಡುತ್ತ ನಿಂತುಬಿಟ್ಟಿದ್ದ...

*

ಅವನ ಹೆಸರು ಕ್ಯಾಲಮ್ ಗಿಲ್ಲಿಸ್. ಅದೇ ಹೆಸರಿನವರು ಆ ಭಾಗದಲ್ಲಿ ಇನ್ನೂ ಐದಾರು ಜನ ಇದ್ದುದರಿಂದ ಎಲ್ಲರೂ ಅವನನ್ನು ಕರೆಯುವುದು ‘ಬ್ಯಾಟರಿ ಕ್ಯಾಲಮ್’ ಎಂದು. ಅವನ ಅಪ್ಪ ಬ್ಯಾಟರಿ ಮಾರುತ್ತಿದ್ದರಂತೆ.

ಮರುದಿನ ಕಾರಿನ ಸ್ಟೀರಿಂಗ್ ಕೆಳಗೆ ತಲೆ ತೂರಿಸಿದ್ದವನು ಹೊರಬಂದಾಗ ಅವನ ಕೈಯಲ್ಲಿ ಊಟದ ಡಬ್ಬಿಯಷ್ಟು ದೊಡ್ಡದೊಂದು ಕಪ್ಪು ಪೆಟ್ಟಿಗೆ ಇತ್ತು. ಅದರ ತಂತಿ ಸೇರುವ ಜಾಗವೆಲ್ಲ ಪಾಚಿಯಂತೆ ಹಸಿರಾಗಿತ್ತು.

"ಮುಂದಿನ ಗಾಜಿನ ಸಂದಿಯಿಂದ ನೀರು ಇಳಿದಿದೆ. ರಸ್ತೆ ಉಪ್ಪಿನ ನೀರು. ಪೂರ್ತಿ ತಿಂದುಹಾಕಿದೆ ನೋಡಿ."

"ಏನಿದು?"

"ಬಾಡಿ ಕಂಟ್ರೋಲ್ ಮಾಡ್ಯೂಲ್. ಎಂಜಿನ್ನಿಗೆ ಬೇರೆ ಮೆದುಳಿದೆ. ಇದು ಮನೆ ನೋಡಿಕೊಳ್ಳೋ ಹೆಂಗಸಿದ್ದ ಹಾಗೆ. ದೀಪ, ಬಾಗಿಲು, ಹಾರ್ನ್, ವೈಪರ್, ಕಿಲೋಮೀಟರ್ ಲೆಕ್ಕ... ಎಲ್ಲಾ ಇದರ ತಲೆ ಮೇಲೆ. ಇದು ಕೆಟ್ಟರೆ ಮನೆಯೇ ಕೆಟ್ಟ ಹಾಗೆ."

"ಹೊಸದು ಹಾಕಿ ಮತ್ತೆ!"

"ತರಿಸೋಕೆ ಎಂಟು ವಾರ ಆಗುತ್ತೆ."

ಎಂಟು ವಾರ! ಫ್ಲೋರಾ ಮನೆಮನೆಗೆ ಹೋಗಿ ಮುದುಕರ ಆರೈಕೆ ಮಾಡುವವಳು. ಕಡಲ ದಾರಿಯ ಉದ್ದಕ್ಕೂ ಹನ್ನೊಂದು ಮನೆಗಳು. ಎದ್ದು ಕೂರಲಾರದವರು, ಇನ್ಸುಲಿನ್ ಚುಚ್ಚಿಕೊಳ್ಳಲಾರದವರು, ಅವಳ ಕಾರಿನ ಸದ್ದಿಗೆ ಕಿಟಕಿಯಲ್ಲೇ ಕಾಯುವವರು. ಸೋಮವಾರದೊಳಗೆ ಕಾರಿಲ್ಲದಿದ್ದರೆ ಆ ಮನೆಗಳನ್ನು ಇನ್ನೊಬ್ಬರಿಗೆ ಕೊಡುತ್ತೇವೆ ಎಂದು ಕಚೇರಿಯವರು ಹೇಳಿಬಿಟ್ಟಿದ್ದರು. ಆ ಇನ್ನೊಬ್ಬರು ಯಾರೂ ಇರಲಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಗಂಡನಿಂದ ಬಿಡುಗಡೆ ಪಡೆದು ಬಂದವಳಿಗೆ ಉಳಿದಿದ್ದು ಈ ಕೆಲಸವೊಂದೇ. ದೂರದ ಆಲ್ಬರ್ಟಾದ ಎಣ್ಣೆ ಬಾವಿಗೆ ಮೂರು ವಾರ ದುಡಿಯಲು ಹೋಗಿ, ಒಂದು ವಾರ ಮನೆಗೆ ಬರುತ್ತಿದ್ದ ಗಂಡ. ಆ ಮೂರು ವಾರ ಅವನಿಗೆ ಅಲ್ಲೊಂದು ಸಂಸಾರವೇ ಇತ್ತೆಂದು ತಿಳಿಯಲು ಅವಳಿಗೆ ಮೂರು ವರ್ಷ ಬೇಕಾಯಿತು. ಅಂದಿನಿಂದ ಅವಳದು ಒಂದೇ ಶಪಥ. ಮುಚ್ಚಿಡುವ ಗಂಡಸಿನ ನೆರಳೂ ಬೇಡ.

ಕ್ಯಾಲಮ್ ಹಿಂಬದಿಯ ಕಿಟಕಿಯತ್ತ ನೋಡುತ್ತಿದ್ದ. ಅಲ್ಲಿ ಅಂಗಳದ ಮೂಲೆಯಲ್ಲಿ ನೀಲಿ ಟಾರ್ಪಾಲು ಹೊದ್ದ ಏನೋ ಒಂದು, ಹಿಮದಡಿ ಗುಡ್ಡದಂತೆ ನಿಂತಿತ್ತು.

ಅಲ್ಲಿಂದ ಕಣ್ಣು ಕಿತ್ತು ಹೇಳಿದ.

"ಸೋಮವಾರ ಬನ್ನಿ. ಕಾರು ಓಡುತ್ತೆ."

"ಹೇಗೆ? ಈಗ ತಾನೆ ಎಂಟು ವಾರ ಅಂದ್ರಿ..."

"ಓಡುತ್ತೆ ಅಂದ್ನಲ್ಲ. ಅಲ್ಲೀತನಕ ನನ್ನ ಟ್ರಕ್ಕಿನಲ್ಲಿ ಕರ್ಕೊಂಡು ಹೋಗ್ತೀನಿ."

*

ಮೂರು ದಿನ ಅವಳನ್ನು ಮನೆಯಿಂದ ಮನೆಗೆ ಒಯ್ದ. ಅವಳು ಒಳಗೆ ಸ್ನಾನ ಮಾಡಿಸುತ್ತಿದ್ದರೆ ಅವನು ಹೊರಗೆ ಮೆಟ್ಟಿಲ ಹಿಮ ತೆಗೆಯುತ್ತಿದ್ದ, ಒಲೆಗೆ ಸೌದೆ ತಂದಿಡುತ್ತಿದ್ದ. ಹಲ್ಲಿಲ್ಲದ ಮುದುಕಿಯರು ಅವಳ ಕಿವಿ ಹತ್ತಿರ ಬಾಯಿ ತಂದು, "ಬ್ಯಾಟರಿ ಚೆನ್ನಾಗಿ ಚಾರ್ಜ್ ಆಗಿದೆ ಕಣೇ!" ಎಂದು ಕೀಟಲೆ ಮಾಡುತ್ತಿದ್ದರು.

"ಸುಮ್ನಿರಿ ಅಜ್ಜಿ!" ಎನ್ನುತ್ತಿದ್ದಳು. ಕೆನ್ನೆ ಮಾತ್ರ ಸುಮ್ಮನಿರುತ್ತಿರಲಿಲ್ಲ.

ಒಂದೇ ಒಂದು ವಿಚಿತ್ರ. ತಿರುವಿನಾಚೆ ಎಫಿ ಅಜ್ಜಿಯ ಬಿಳಿ ಮನೆ ಬಂದಾಗ ಮಾತ್ರ ಅವನು ಟ್ರಕ್ಕನ್ನು ದೂರದಲ್ಲೇ ನಿಲ್ಲಿಸಿಬಿಡುತ್ತಿದ್ದ.

"ಇಲ್ಲಿಂದ ನಡ್ಕೊಂಡು ಹೋಗಿ."

"ಯಾಕೆ? ಎಲ್ಲರ ಮನೆ ಬಾಗಿಲಿಗೂ ಬರ್ತೀರಿ..."

ಅವನು ಕೈ ಚಾಚಿ ಅವಳ ಕಡೆಯ ಬಾಗಿಲು ತೆರೆಯುತ್ತಿದ್ದ.

‘ನನ್ನ ಜೊತೆ ಕಾಣಿಸಿಕೊಳ್ಳೋಕೆ ನಾಚಿಕೆಯೇನೋ...’ ಎಂದುಕೊಂಡಳು. ಅಷ್ಟು ಸಣ್ಣ ಮಾತು ಯಾಕೆ ಅಷ್ಟು ನೋಯಿಸಿತೋ ಅವಳಿಗೇ ತಿಳಿಯಲಿಲ್ಲ.

ಸೋಮವಾರ ಕಾರು ಸಿದ್ಧವಾಗಿತ್ತು. ಹಾರ್ನ್ ಹೇಳಿದಾಗ ಕೂಗಿತು. ವೈಪರ್ ಹೇಳಿದಾಗ ಓಡಿತು. ಕೀ ಕೊಡುವಾಗ ಅವನ ಬೆರಳು ಅವಳ ಅಂಗೈಯಲ್ಲಿ ಒಂದು ಕ್ಷಣ ಹೆಚ್ಚಾಗಿಯೇ ನಿಂತಿತು.

"ಒಂದು ಕೆಲಸ ಬಾಕಿ ಇದೆ. ಶನಿವಾರ ತನ್ನಿ."

"ಏನು ಕೆಲಸ?"

"ಶನಿವಾರ ಹೇಳ್ತೀನಿ."

ಕಾರು ಬದಲಾಗಿತ್ತು. ಮೊದಲು ಬಾಗಿಲು ಮುಚ್ಚಿದ ಕೂಡಲೇ ಒಳಗಿನ ದೀಪ ಆರಿಹೋಗುತ್ತಿತ್ತು. ಈಗ ಇಳಿದು ಬಾಗಿಲು ಮುಚ್ಚಿದರೂ ಉರಿಯುತ್ತಲೇ ಇರುತ್ತದೆ. ಅವಳು ಅಂಗಳ ದಾಟಿ, ಮೆಟ್ಟಿಲು ಹತ್ತಿ, ಮನೆಯೊಳಗೆ ಕಾಲಿಟ್ಟು ಕೆಲವು ನಿಮಿಷವಾದ ಮೇಲೆಯೇ ಆರುತ್ತದೆ. ಕತ್ತಲಲ್ಲಿ ಯಾರೋ ಹಿಂದೆ ನಿಂತು, ‘ಹೋಗು, ನಾನಿದ್ದೀನಿ’ ಅಂದ ಹಾಗೆ...

‘ಎಷ್ಟು ಯೋಚನೆ ಮಾಡಿ ಕೆಲಸ ಮಾಡಿದ್ದಾನೆ!’ ಎಂದು ಆ ವಾರವೆಲ್ಲ ಒಬ್ಬಳೇ ನಗುತ್ತಿದ್ದಳು.

ಗುರುವಾರ ಅವಳ ಚಿಕ್ಕಪ್ಪನ ಮಗ ರೋರಿ ಕಾರು ಹತ್ತಿದ. ಸಿಗಡಿ ದೋಣಿಯಲ್ಲಿ ದುಡಿಯುವವನು, ಊರಿಗೆ ಮುಂಚೆ ಬಾಯಿ ತೆರೆಯುವವನು.

"ಲೇ ಫ್ಲೋ! ನಿನ್ನ ಕಾರಿಗೆ ಯಾವಾಗ ವಯಸ್ಸು ಕಮ್ಮಿ ಆಯ್ತೇ?"

"ಏನೋ ಅದು?"

"ಇಲ್ನೋಡು! ಅರವತ್ತೊಂದು ಸಾವಿರ ಚಿಲ್ಲರೆ ಕಿಲೋಮೀಟರ್! ನಿಂದು ಒಂದು ಲಕ್ಷ ಎಂಬತ್ತು ದಾಟಿತ್ತಲ್ಲ?"

ಫ್ಲೋರಾ ನೋಡಿದಳು. ನೋಡಿಯೇ ಇರಲಿಲ್ಲ ಅವಳು! ದಾರಿ ನೋಡುವವಳು, ಗಡಿಯಾರ ನೋಡುವವಳು, ಆ ಅಂಕಿಯತ್ತ ಕಣ್ಣೇ ಹಾಯಿಸಿರಲಿಲ್ಲ.

"ಯಾವುದೋ ಬೇರೆ ಕಾರಿನ ಡಬ್ಬಿ ಕಿತ್ತು ಹಾಕಿದ್ದಾನೆ ಕಣೇ. ಲೆಕ್ಕ ತಿದ್ದೋದು ಅಂದ್ರೆ ಅಪರಾಧ ಗೊತ್ತಾ? ಕದ್ದ ಕಾರಿಂದೋ ಏನೋ! ನಾಳೆ ಪೊಲೀಸರು ಹಿಡಿದ್ರೆ ಜೈಲಿಗೆ ಹೋಗೋಳು ನೀನು, ಅವನಲ್ಲ."

ಅವಳು ಮತ್ತೊಮ್ಮೆ ಆ ಅಂಕಿ ಓದಿದಳು. ‘ಶನಿವಾರ ಹೇಳ್ತೀನಿ...’ ಮುಚ್ಚಿಟ್ಟಿದ್ದಾನೆ. ಇವನೂ ಮುಚ್ಚಿಟ್ಟಿದ್ದಾನೆ!

*

ಗ್ಯಾರೇಜಿನ ಒಲೆಯ ಸುತ್ತ ನಾಲ್ವರು ಮುದುಕರು ಚಹಾ ಕುಡಿಯುತ್ತ ಕೂತಿದ್ದರು. ಫ್ಲೋರಾ ಬಾಗಿಲು ದೂಡಿ ನುಗ್ಗಿದ ರಭಸಕ್ಕೆ ಒಬ್ಬರ ಲೋಟ ಅಲುಗಿತು.

"ಯಾರ ಕಾರಿಂದು ಕಿತ್ತು ನನ್ನ ಕಾರಿಗೆ ಹಾಕಿದ್ರಿ?"

ಕ್ಯಾಲಮ್‌ನ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ನಿಂತಿತು.

"ಹೇಳಿ! ಕದ್ದ ಮಾಲಾ? ನನ್ನ ಲೆಕ್ಕ ಎಲ್ಲಿ ಹೋಯ್ತು?"

"ಕದ್ದಿದ್ದಲ್ಲ."

"ಮತ್ತೆ ಆ ನಂಬರ್ ಯಾಕೆ ಬದಲಾಯಿಸಿಲ್ಲ?"

"ಅಳಿಸೋಕೆ... ಆಗ್ಲಿಲ್ಲ."

"ಬರಲಿಲ್ವಾ? ಮನಸ್ಸಿರಲಿಲ್ವಾ?"

ಅವನ ಮುಖ ಸುಣ್ಣದ ಗೋಡೆಯಂತಾಗಿತ್ತು. ಮುದುಕರಲ್ಲೊಬ್ಬರು, "ಏ ಹುಡುಗಿ..." ಎಂದು ಏಳಹೋದರು. ಅವನು ಕೈಯೆತ್ತಿ ತಡೆದ.

"ಮನಸ್ಸಿರಲಿಲ್ಲ," ಎಂದ.

"ನಿಮ್ಮನ್ನ ನಂಬಿದ್ದೆ ನಾನು!" ಎಂದು ಕೂಗಿದಳು. "ಮತ್ತೆ ಯಾರನ್ನೂ ನಂಬಲ್ಲ ಅಂದ್ಕೊಂಡಿದ್ದೆ... ಆದ್ರೂ ನಂಬಿದ್ದೆ!"

ಯಾರೂ ಏನೂ ಹೇಳಲಿಲ್ಲ. ಆ ಊರಿನ ಗುಣವೇ ಅಂಥದ್ದು. ಎಲ್ಲರಿಗೂ ಗೊತ್ತಿರುವ ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗೊತ್ತಿಲ್ಲದವರು ಒಬ್ಬರಿರಬಹುದು ಎಂಬುದು ಯಾರಿಗೂ ಹೊಳೆಯುವುದೂ ಇಲ್ಲ.

*

ಶುಕ್ರವಾರ ಸಂಜೆ ನಾಲ್ಕೂವರೆಗೇ ಕತ್ತಲು. ಕೊನೆಯ ಮನೆ ಎಫಿ ಅಜ್ಜಿಯದು. ಯಾವಾಗಲೂ ಫ್ಲೋರಾ ಬೆಳಗ್ಗೆ ಬರುತ್ತಿದ್ದಳು. ಅಂದು ಹಿಮ ಬಿದ್ದು ತಡವಾಗಿತ್ತು.

ಕಾರು ನಿಲ್ಲಿಸಿ, ಬಾಗಿಲು ಮುಚ್ಚಿ, ಅಂಗಳ ದಾಟಿದಳು. ಹಿಂದೆ ಕಾರಿನೊಳಗಿನ ದೀಪ ಉರಿಯುತ್ತಲೇ ಇತ್ತು.

ಒಳಗೆ ಫಳಾರ್ ಎಂದು ಏನೋ ಒಡೆದ ಸದ್ದು!

ಓಡಿಹೋಗಿ ನೋಡಿದರೆ ಕಿಟಕಿಯ ಬಳಿ ಎಫಿ ಅಜ್ಜಿ. ಕಾಲ ಬಳಿ ಚಹಾದ ಬಟ್ಟಲು ಚೂರುಚೂರು. ಮುದುಕಿ ಬೆರಳನ್ನು ಕಿಟಕಿಯತ್ತ ಚಾಚಿದ್ದಳು.

"ಆ ದೀಪ... ಆ ದೀಪ ಯಾಕೆ ಆರ್ತಿಲ್ಲ?"

"ಅಜ್ಜಿ! ಏನಾಯ್ತು? ಕೂತ್ಕೊಳ್ಳಿ ಮೊದ್ಲು..."

"ನನ್ನ ಮೈರಿ ಕಾರೂ ಇಂಥದ್ದೇ, ಹಾಗೇ ಮಾಡ್ತಿತ್ತು! ಅವಳಿಗೆ ಕತ್ತಲೆ ಅಂದ್ರೆ ಭಯ. ಮನೆಯೊಳಗೆ ಹೋಗೋ ತನಕ ದೀಪ ಇರ್ಲಿ ಅಂತ ಅವನೇ ಮಾಡಿಕೊಟ್ಟಿದ್ದ..."

"ಅವನು ಅಂದ್ರೆ?"

"ಇನ್ಯಾರೇ? ನನ್ನ ಅಳಿಯ. ಕ್ಯಾಲಮ್!"

ಫ್ಲೋರಾಳ ಕೈಯಲ್ಲಿದ್ದ ಚೀಲ ಜಾರಿ ಬಿತ್ತು.

ಅಳಿಯ! ಟ್ರಕ್ಕು ತಿರುವಿನಲ್ಲೇ ನಿಲ್ಲುತ್ತಿದ್ದುದು... ನೀಲಿ ಟಾರ್ಪಾಲು... ‘ಅಳಿಸೋಕೆ ಮನಸ್ಸಿರಲಿಲ್ಲ’...

"ಅಜ್ಜಿ, ಮೈರಿ ಈಗ..."

"ಹೋಗಿ ನಾಲ್ಕು ವರ್ಷ ಆಯ್ತು ಮಗಳೇ. ಕ್ಯಾನ್ಸರ್. ಮೂವತ್ತಮೂರು ವಯಸ್ಸು. ನಿಂಗೆ ಯಾರೂ ಹೇಳಲಿಲ್ವಾ? ಎಲ್ಲರಿಗೂ ಗೊತ್ತಲ್ಲ!"

"ನಂಗೆ ಗೊತ್ತಿರಲಿಲ್ಲ ಅಜ್ಜಿ! ನಂಗೊಬ್ಬಳಿಗೆ ಗೊತ್ತಿರಲಿಲ್ಲ!" ಎಂದ ಫ್ಲೋರಾ ಕಾರಿನ ಡಬ್ಬಿಯ ಕಥೆಯನ್ನೆಲ್ಲ ಹೇಳಿದಳು.

ಎಫಿ ಅಜ್ಜಿ ಕಿಟಕಿಯತ್ತ ತಿರುಗಿದಳು. ಕೊನೆಗೆ ಹೊರಗೆ ದೀಪ ಆರಿತು.

"ಹಾಗಾದ್ರೆ ಆ ಟಾರ್ಪಾಲು ತೆಗೆದನಾ?" ಮುದುಕಿಯ ದನಿ ಪಿಸುಮಾತಾಗಿತ್ತು. "ನಂಗೂ ಆ ಕಾರು ಮುಟ್ಟೋಕೆ ಬಿಟ್ಟಿರಲಿಲ್ಲ ಅವನು. ತಿಂಗಳಿಗೊಮ್ಮೆ ಬ್ಯಾಟರಿ ಹಾಕಿ ಸುಮ್ನೆ ಸ್ಟಾರ್ಟ್ ಮಾಡಿ ಕೂರ್ತಿದ್ದನಂತೆ. ಅದರ ಡಬ್ಬಿ ಕಿತ್ತ ಅಂದ್ರೆ... ಇನ್ನು ಅದು ಸ್ಟಾರ್ಟೇ ಆಗಲ್ಲ ಅಲ್ವಾ?"

ಫ್ಲೋರಾ ತಲೆಯಾಡಿಸಿದಳು.

ಮುದುಕಿ ಸೆರಗಿನಂತೆ ಹೊದ್ದ ಶಾಲಿನ ತುದಿಯಿಂದ ಕಣ್ಣೊತ್ತಿಕೊಂಡಳು. ಅತ್ತಳೋ ನಕ್ಕಳೋ ತಿಳಿಯದಂತೆ ಹೇಳಿದಳು.

"ಆ ಕಾರು ತುಕ್ಕು ಹಿಡಿದು ನೆಲ ಸೇರೋದ್ರೊಳಗೆ ಅವನು ಎದ್ದು ನಿಲ್ಲಲಿ ಅಂತ ದಿನಾ ಬೇಡ್ಕೊಳ್ತಿದ್ದೆ ಕಣೇ. ನೀನು ಬರಬೇಕಾಯ್ತು ನೋಡು!"

"ನಾನು ಅವರನ್ನ ಎಲ್ಲರೆದುರು ಕಳ್ಳ ಅಂದೆ ಅಜ್ಜಿ..."

"ಅಂದಿದ್ರೆ ಹೋಗಿ ಅಲ್ಲ ಅನ್ನು! ಇಲ್ಲಿ ಅಳ್ತಾ ಕೂತ್ರೆ ನನ್ನ ಬಟ್ಟಲು ಕೂಡಿಕೊಳ್ಳುತ್ತಾ?" ಮುದುಕಿ ಅವಳ ಮುಂಗೈ ಹಿಡಿದು ಹತ್ತಿರಕ್ಕೆಳೆದುಕೊಂಡಳು. "ಅವನು ನನ್ನ ಮನೆಗೆ ಬರೋದು ಯಾಕೆ ಬಿಟ್ಟ ಗೊತ್ತಾ? ಕೊನೇ ಸಲ ಆಸ್ಪತ್ರೆಗೆ ಅವಳು ಒಬ್ಬಳೇ ಕಾರು ಓಡಿಸ್ಕೊಂಡು ಹೋಗಿ ಬಂದಳು. ಅವನಿಗೆ ಕೆಲಸ ಇತ್ತು. ಮುಂದಿನ ಸಲ ಬರ್ತೀನಿ ಅಂದಿದ್ದ. ಮುಂದಿನ ಸಲ ಇರಲೇ ಇಲ್ಲ..."

ಫ್ಲೋರಾ ಅಜ್ಜಿಯ ಪಕ್ಕದಲ್ಲೇ ಕೂತಳು.

"ಅವತ್ತು ದಾರಿಯಿಂದ ನಂಗೆ ಫೋನ್ ಮಾಡಿದ್ದಳು ಮೈರಿ. ಏನಂದಳು ಗೊತ್ತಾ? ‘ಅಮ್ಮಾ, ಅವನ ಕೆಲಸದ ನೆಪ ಹೇಳಿ ಅವನಿಗೆ ಬೇಡ ಅಂದಿದ್ದೇ ನಾನು. ಆರು ತಿಂಗಳಿಂದ ಎಲ್ಲರೂ ನನ್ನ ಎತ್ತಿ ಕೂರಿಸ್ತಾರೆ, ಎತ್ತಿ ಇಳಿಸ್ತಾರೆ. ಇವತ್ತು ಒಬ್ಬಳೇ ಕಿಟಕಿ ಇಳಿಸಿ, ಹಾಡ್ಕೊಂಡು ಓಡಿಸ್ತಿದೀನಿ. ಬಹಳ ಖುಷಿಯಾಗಿದೀನಿ ಅಮ್ಮಾ’ ಅಂದಳು."

"ಇದು ಅವರಿಗೆ ಗೊತ್ತಾ?"

"ಗೊತ್ತಿರುತ್ತಲ್ಲ. ಗಂಡನಿಗೆ ಹೇಳಿರಲ್ವಾ ಅವಳು?" ಎಂದ ಎಫಿ ಅಜ್ಜಿ ತಟ್ಟನೆ ನಿಂತಳು. ಕಣ್ಣು ದೊಡ್ಡದಾಯಿತು. "ಅಯ್ಯೋ... ಅವತ್ತು ರಾತ್ರಿಯೇ ಅವಳಿಗೆ ಪ್ರಜ್ಞೆ ಹೋಯ್ತಲ್ಲ! ಆಮೇಲೆ ಬರಲೇ ಇಲ್ಲ... ಫ್ಲೋರಾ! ಅವನಿಗೆ ಗೊತ್ತಿಲ್ಲ ಕಣೇ! ನಾಲ್ಕು ವರ್ಷದಿಂದ ಗೊತ್ತಿಲ್ಲ!"

*

ಶನಿವಾರ ಬೆಳಗ್ಗೆ ಗ್ಯಾರೇಜಿನಲ್ಲಿ ಅವನೊಬ್ಬನೇ ಇದ್ದ. ಫ್ಲೋರಾ ಕಾರನ್ನು ಒಳಗೆ ತಂದು ನಿಲ್ಲಿಸಿ ಇಳಿದಳು. ರಾತ್ರಿಯೆಲ್ಲ ಜೋಡಿಸಿಕೊಂಡಿದ್ದ ಮಾತುಗಳು ಒಂದೂ ನೆನಪಿಗೆ ಬರಲಿಲ್ಲ.

"ಡಬ್ಬಿ ವಾಪಸ್ ತೆಗೆದುಬಿಡಿ," ಎಂದಳು. "ಅದು ಎಲ್ಲಿತ್ತೋ ಅಲ್ಲಿಗೇ ಹಾಕಿ. ನಾನು ಎಂಟು ವಾರ ನಡ್ಕೊಂಡೇ ಹೋಗ್ತೀನಿ."

ಅವನಿಗೆ ಅರ್ಥವಾಯಿತು. "ಎಫಿ ಹೇಳಿದ್ರಾ?"

"ತಪ್ಪಾಯ್ತು ಕ್ಯಾಲಮ್... ಎಲ್ಲರ ಮುಂದೆ ಹಾಗೆ..."

"ನಿಮ್ಮ ತಪ್ಪೇನಿದೆ? ನಾನೇ ಹೇಳಬೇಕಿತ್ತು." ಅವನು ಬಟ್ಟೆಯಲ್ಲಿ ಕೈ ಒರೆಸಿದ. ಒರೆಸುತ್ತಲೇ ಇದ್ದ. "ಅರವತ್ತೊಂದು ಸಾವಿರದ ಮುನ್ನೂರ ಹದಿನೆಂಟು. ಅವಳು ಮನೆಗೆ ಬಂದು ಕಾರು ನಿಲ್ಲಿಸಿದಾಗ ಇದ್ದ ನಂಬರ್ ಅದು. ನಿಮ್ಮ ಲೆಕ್ಕ ಅದರ ಮೇಲೆ ಬರೀಬೇಕಿತ್ತು. ಒಂದು ಗುಂಡಿ ಒತ್ತಿದ್ರೆ ಆಯ್ತು. ಒತ್ತೋಕೆ ಹೋದೆ... ಆಗ್ಲಿಲ್ಲ. ನೀವು ಓಡಿಸಿದ್ರೆ ನಿಂತಿದ್ದು ಮುಂದೆ ಹೋಗುತ್ತಲ್ಲ, ಒಂದು ವಾರ ಹೋಗಲಿ ಅನ್ನಿಸ್ತು..."

ಫ್ಲೋರಾ ಒಂದು ಹೆಜ್ಜೆ ಮುಂದೆ ಬಂದಳು.

"ಹಾಗಾದ್ರೆ ನಾನು ಯಾರು ಕ್ಯಾಲಮ್?" ಕಣ್ಣು ತಗ್ಗಿಸದೆ ಕೇಳಿದಳು. "ಅವಳು ಬಿಟ್ಟ ಕಡೆಯಿಂದ ಓಡಿಸೋಕೆ ಬಂದವಳಾ?"

ಅವನು ಬೆಚ್ಚಿಬಿದ್ದ. ಕೈಯಿಂದ ಬಟ್ಟೆ ಜಾರಿತು.

"ಮೈರಿ ಅಂದ್ರೆ ನಂಗೆ ಗೌರವ ಇದೆ. ಆದ್ರೆ ನನ್ನ ಕಾರಿಗೆ ನನ್ನ ಕಿಲೋಮೀಟರೇ ಬೇಕು. ಆ ಒಂದು ಲಕ್ಷದ ಎಂಬತ್ತೇಳು ಸಾವಿರದಲ್ಲಿ ಅಳ್ತಾ ಓಡಿಸಿದ್ದೂ ಇದೆ. ಗಂಡನ ಮನೆ ಬಿಟ್ಟು ಬಂದ ರಾತ್ರಿಯೂ ಇದೆ. ಆರ್ಚಿ ತಾತನ ಮನೆಗೆ ಹೋಗಿದ್ದೂ ಇದೆ. ಒಂದನ್ನೂ ಬಿಟ್ಟುಕೊಡಲ್ಲ ನಾನು. ಬೇಕಿದ್ರೆ ಡಬ್ಬಿ ತೆಗೀರಿ. ಇಲ್ಲಾ ನನ್ನ ಲೆಕ್ಕ ಬರೀರಿ."

ಗ್ಯಾರೇಜಿನ ತಗಡಿನ ಮೇಲಿಂದ ಹಿಮದ ಗಡ್ಡೆಯೊಂದು ದೊಪ್ಪನೆ ಬಿತ್ತು.

"ಅದಕ್ಕೆ ಮುಂಚೆ ಒಂದು ಮಾತಿದೆ," ಎಂದಳು ಮೆಲ್ಲಗೆ. "ಎಫಿ ಅಜ್ಜಿ ಹೇಳಿ ಕಳಿಸಿದ್ದು."

ಮೈರಿಯ ಫೋನಿನ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು. ಕಿಟಕಿ ಇಳಿಸಿದ್ದು. ಹಾಡಿದ್ದು. ‘ಅವನಿಗೆ ಬೇಡ ಅಂದಿದ್ದೇ ನಾನು’ ಎಂದದ್ದು. ‘ಬಹಳ ಖುಷಿಯಾಗಿದೀನಿ’ ಎಂದದ್ದು.

ಕ್ಯಾಲಮ್ ಅಲ್ಲಿದ್ದ ಟೈರಿನ ಮೇಲೆ ಕೂತ.

"ಹಾಡಿದಳಾ?"

"ಹಾಡಿದಳಂತೆ."

"ಎಂಥಾ ಅಪಸ್ವರದ ಗಂಟಲು ಅವಳದು!" ಎಂದ. ನಗಲು ಹೋದ. ನಗು ಅರ್ಧಕ್ಕೇ ಮುರಿದು, ನಾಲ್ಕು ವರ್ಷದ ಅಳು ಒಮ್ಮೆಲೇ ಉಕ್ಕಿ ಬಂತು. ಫ್ಲೋರಾ ಹತ್ತಿರ ಹೋಗಿ ಸುಮ್ಮನೆ ನಿಂತಳು. ಮುದುಕರ ಮನೆಗಳಲ್ಲಿ ಅವಳು ಕಲಿತದ್ದು ಅದನ್ನೇ. ಅಳುವವರ ಬಳಿ ಮಾತಿಗಿಂತ ಮೊದಲು ಮನುಷ್ಯರಿರಬೇಕು.

ಬಹಳ ಹೊತ್ತಿನ ಮೇಲೆ ಅವನು ಎದ್ದ. ಮುಖ ತೊಳೆದ. ಒಂದು ಯಂತ್ರ ತಂದು ಅದರ ತಂತಿಯನ್ನು ಕಾರಿಗೆ ಸಿಕ್ಕಿಸಿ, ಅವಳನ್ನು ಸ್ಟೀರಿಂಗ್ ಮುಂದೆ ಕೂರಿಸಿ ಪಕ್ಕದ ಸೀಟಿನಲ್ಲಿ ಕೂತ.

"ನಿಮ್ಮ ಹಳೇ ಲೆಕ್ಕ ಒಂದು ಲಕ್ಷದ ಎಂಬತ್ತೇಳು ಸಾವಿರದ ಇನ್ನೂರ ನಲವತ್ತು. ಈ ವಾರ ಓಡಿಸಿದ್ದು ಆರುನೂರ ಹನ್ನೆರಡು. ಅದೂ ನಿಮ್ಮದೇ. ಸೇರಿಸ್ತೀನಿ."

ಬೆರಳು ಗುಂಡಿಯ ಮೇಲೆ ನಿಂತಿತು. ಫ್ಲೋರಾ ಕಿಟಕಿಯಾಚೆ ನೋಡಿದಳು. ಅದು ಅವನೊಬ್ಬನೇ ಮಾಡಬೇಕಾದ ಕೆಲಸ.

ಟಿಕ್.

ಅರವತ್ತೊಂದು ಸಾವಿರ ಹೋಯಿತು. ಅವಳ ಕಿಲೋಮೀಟರುಗಳು ಬಂದು ಕೂತವು.

"ಆಯ್ತಾ?"

"ಇನ್ನೂ ಇಲ್ಲ. ಈಗ ಎಂಜಿನ್ನಿನ ಮೆದುಳು ಇದನ್ನ ಮತ್ತೆ ಗುರುತು ಹಿಡೀಬೇಕು. ಕೀ ತಿರುಗಿಸಿ ಹತ್ತು ನಿಮಿಷ ಸುಮ್ನೆ ಕೂರಬೇಕು. ಆ ಕೆಂಪು ದೀಪ ತಾನಾಗೇ ಆರುತ್ತೆ. ಆಮೇಲೆ ಆಫ್ ಮಾಡಿ, ಮತ್ತೆ ಹತ್ತು ನಿಮಿಷ. ಹಾಗೆ ಮೂರು ಸಲ."

"ಅವಸರ ಮಾಡಿದ್ರೆ?"

"ಮೊದಲಿಂದ ಶುರು."

ಮೊದಲ ಹತ್ತು ನಿಮಿಷ ಇಬ್ಬರೂ ಕೆಂಪು ದೀಪವನ್ನೇ ನೋಡಿದರು. ಅದು ಆರಿತು.

ಎರಡನೆಯ ಹತ್ತು ನಿಮಿಷದಲ್ಲಿ ಅವನು ಮೈರಿಯ ಬಗ್ಗೆ ಹೇಳಿದ. ಅವಳ ಸಿಡುಕು, ಅವಳು ಸುಡುತ್ತಿದ್ದ ಓಟ್ಸ್ ರೊಟ್ಟಿ, ಆ ಅಪಸ್ವರ. ಫ್ಲೋರಾ ಕೇಳಿದಳು. ಹೊಟ್ಟೆಕಿಚ್ಚಾಗುವುದೇನೋ ಎಂದು ಹೆದರಿದ್ದಳು, ಆಗಲಿಲ್ಲ. ಆ ದೀಪವೂ ಆರಿತು.

ಮೂರನೆಯ ಸಲ ಕೀ ತಿರುಗಿಸಿದಾಗ ಅವನು ಸೀಟಿನಲ್ಲೇ ಅವಳ ಕಡೆ ತಿರುಗಿದ.

"ನೀನು ಯಾರು ಅಂತ ಕೇಳಿದೆಯಲ್ಲ..."

‘ನೀನು!’ ಇಷ್ಟು ದಿನ ‘ನೀವು’ ಎನ್ನುತ್ತಿದ್ದವನು.

"ಊರೆಲ್ಲ ನೋಡ್ತಿರುವಾಗ ಸತ್ತವನ ಹತ್ತಿರ ಹೋಗಿ ತಪ್ಪಾಯ್ತು ತಾತ ಅಂದವಳು ನೀನು. ನಾಲ್ಕು ವರ್ಷ ಸತ್ತವರ ಹತ್ತಿರ ಹೇಗೆ ಮಾತಾಡೋದು ಅಂತ ಗೊತ್ತಿಲ್ಲದೆ ಕೂತಿದ್ದೆ ನಾನು. ಅವತ್ತೇ... ಫ್ಲೋರಾ, ನೀನು ಯಾರ ಬದಲಿಗೂ ಬಂದವಳಲ್ಲ. ನಿನ್ನ ಕಾರು ಓಡಬೇಕು ಅಂತಲೇ ಆ ಟಾರ್ಪಾಲು ತೆಗೆದೆ. ಬೇರೆ ಯಾರಿಗೂ ತೆಗೀತಿರಲಿಲ್ಲ."

ಅವಳಿಗೆ ಕಣ್ಣು ಮಂಜಾಯಿತು.

"ನಂಗೆ ಮುಚ್ಚಿಡೋರು ಆಗಲ್ಲ ಕ್ಯಾಲಮ್. ಸಣ್ಣದನ್ನೂ..."

"ಮುಚ್ಚಿಡಲ್ಲ. ಎಲ್ಲರಿಗೂ ಗೊತ್ತಿರೋದನ್ನೂ ನಿಂಗೆ ಬಾಯಿಬಿಟ್ಟು ಹೇಳ್ತೀನಿ. ಇವತ್ತು ಮಧ್ಯಾಹ್ನ ಎಫಿ ಮನೆಗೆ ಹೋಗ್ತೀನಿ, ಬಾಗಿಲ ತನಕ. ನೀನೂ ಬರ್ತೀಯಾ?"

"ಹೊಸ ಬಟ್ಟಲು ತಗೊಂಡು ಹೋಗ್ಬೇಕು. ಒಂದು ಒಡೆದಿದೆ."

ಅವನು ನಕ್ಕ. ಅವಳು ಅವನ ನಗು ನೋಡಿದ್ದು ಅದೇ ಮೊದಲು. ಎಣ್ಣೆ ಹತ್ತಿದ ಅವನ ಕೈ ಅವಳ ಕೈಯನ್ನು ಹುಡುಕಿ ಬಂತು. ಅವಳು ಬಿಡಿಸಿಕೊಳ್ಳಲಿಲ್ಲ.

ಎಷ್ಟು ಹೊತ್ತು ಕಳೆಯಿತೋ...

"ಕ್ಯಾಲಮ್! ಕೆಂಪು ದೀಪ ಆರಿಹೋಗಿದೆ!"

"ಯಾವಾಗ?"

"ಗೊತ್ತಿಲ್ಲ... ನಾನೂ ನೋಡ್ಲಿಲ್ಲ."

"ಸ್ಟಾರ್ಟ್ ಮಾಡ್ತೀಯಾ?"

ಫ್ಲೋರಾ ಅವನ ಭುಜಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿದಳು.

"ಇನ್ನೊಂದು ಹತ್ತು ನಿಮಿಷ..."